ಕಲಿಸಿ ಕೆಲಸಕ್ಕೆ ಕಳಿಸುವ ಕಂಪನಿ: ದುಡ್ಡು ಎಲ್ಲಿಂದ ಬರುತ್ತದೆ, ಬಾಂಡ್ ಯಾಕೆ ಬರುತ್ತದೆ

ಡಿಗ್ರಿ ಮುಗಿಸಿ ಬೆಂಗಳೂರಿಗೆ ಬಂದು ಪಿಜಿ ಹಿಡಿದವರ ಫೋನಿಗೆ ಇಂಥದ್ದೊಂದು ಮೆಸೇಜ್ ಬಂದೇ ಬರುತ್ತದೆ: ‘ಮೂರು ತಿಂಗಳು ಟ್ರೈನಿಂಗ್, ಆಮೇಲೆ ಕ್ಲೈಂಟ್ ಕಂಪನಿಯಲ್ಲಿ ಕೆಲಸ, ಎರಡು ವರ್ಷದ ಬಾಂಡ್.’ ಬಾಂಡ್ ಅಂದರೆ ಇಷ್ಟು ಕಾಲ ಇರುತ್ತೇನೆ, ಮುಂಚೆ ಬಿಟ್ಟರೆ ಇಷ್ಟು ದುಡ್ಡು ಕಟ್ಟುತ್ತೇನೆ ಅನ್ನುವ ಒಪ್ಪಂದ. ಓದಿದ ಕೂಡಲೇ ಕೆಲವರಿಗೆ ಖುಷಿ, ಕೆಲವರಿಗೆ ಅನುಮಾನ. ಊರಲ್ಲಿರುವ ಅಪ್ಪ ಅಮ್ಮನಿಗಂತೂ ಬಾಂಡ್ ಅಂದ ತಕ್ಷಣ ಎದೆ ಝಲ್ಲೆನ್ನುತ್ತದೆ.

ನಾನು ಇಂಥ ಒಂದು ಕಂಪನಿಯಲ್ಲಿ ಜಾವಾ ಟ್ರೈನರ್. ಹೊಸಬರು ಒಳಗೆ ಬರುವುದು, ಕಲಿಯುವುದು, ಕ್ಲೈಂಟ್ ಆಫೀಸಿಗೆ ಹೋಗುವುದು, ಕೆಲವರು ಹೋಗಲಾಗದೆ ಉಳಿದುಬಿಡುವುದು, ಇದೆಲ್ಲ ದಿನಾ ನನ್ನ ಕಣ್ಣೆದುರೇ ನಡೆಯುತ್ತದೆ. ಹೊರಗಿನಿಂದ ನೋಡಿದರೆ ಗೋಜಲು ಅನ್ನಿಸುತ್ತದೆ. ಆದರೆ ಒಂದು ಪ್ರಶ್ನೆ ಹಿಡಿದು ಹೊರಟರೆ ಸಾಕು: ಕಂಪನಿಗೆ ದುಡ್ಡು ಯಾರಿಂದ ಬರುತ್ತದೆ, ಯಾವಾಗ ಬರುತ್ತದೆ? ಟ್ರೈನಿಂಗ್‌ನ ಗಡಿಬಿಡಿ, ಪ್ರಾಜೆಕ್ಟ್ ಸಿಗದೆ ‘ಬೆಂಚ್’ ಮೇಲೆ ಕಾಯುವುದು, ಕಡಿಮೆ ಸಂಬಳ, ಬಾಂಡಿನ ಮೊತ್ತ, ಎಲ್ಲಕ್ಕೂ ಉತ್ತರ ಅಲ್ಲೇ ಇದೆ.

ಎಲ್ಲರೂ ಒಂದೇ ಅಲ್ಲ

‘ಟ್ರೈನಿಂಗ್ ಕೊಟ್ಟು ಕೆಲಸ ಕೊಡಿಸುತ್ತೇವೆ’ ಅನ್ನುವವರಲ್ಲಿ ಹಲವು ಬಗೆ ಇದ್ದಾರೆ. ಬಿಟಿಎಂ ಲೇಔಟ್, ಬಸವನಗುಡಿ, ರಾಜಾಜಿನಗರ, ಮಾರತ್‌ಹಳ್ಳಿ ಕಡೆ ಬೋರ್ಡ್ ಹಾಕಿರುವ ಇನ್‌ಸ್ಟಿಟ್ಯೂಟ್‌ಗಳಿಗೆ ದುಡ್ಡು ಕೊಡುವವರು ವಿದ್ಯಾರ್ಥಿಗಳೇ. ಫೀಸ್ ಕಟ್ಟಿ ಜಾವಾ, ಎಸ್‌ಕ್ಯುಎಲ್, ಸೆಲೆನಿಯಂ ಕಲಿಯುತ್ತೀರಿ. ಅವರು ನಿಮ್ಮನ್ನು ಕಂಪನಿಗಳು ನಡೆಸುವ ನೇಮಕಾತಿ ಡ್ರೈವ್‌ಗಳಿಗೆ ಕಳಿಸುತ್ತಾರೆ. ಕೆಲಸ ಸಿಕ್ಕರೆ ನಿಮ್ಮ ಸಂಬಂಧ ಆ ಕಂಪನಿಯ ಜೊತೆ ಮಾತ್ರ. ಕೆಲಸ ಸಿಗದಿದ್ದರೂ ಇನ್‌ಸ್ಟಿಟ್ಯೂಟ್‌ಗೆ ಬರಬೇಕಾದ್ದು ಬಂದಾಗಿರುತ್ತದೆ.

ದೊಡ್ಡ ಸೇವಾ ಕಂಪನಿಗಳದು ಬೇರೆ ದಾರಿ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿರುವ ಇನ್ಫೋಸಿಸ್ ಕ್ಯಾಂಪಸ್ ನಿಮಗೆ ಗೊತ್ತೇ ಇರುತ್ತದೆ. 300 ಎಕರೆಗೂ ಮೀರಿದ ಜಾಗ, ಏಕಕಾಲಕ್ಕೆ ಹತ್ತು ಸಾವಿರಕ್ಕಿಂತ ಹೆಚ್ಚು ಜನ ಅಲ್ಲೇ ಇದ್ದು ಕಲಿಯುವಷ್ಟು ವ್ಯವಸ್ಥೆ. ಅಲ್ಲಿ ಕಲಿಯುವವರು ಮೊದಲ ದಿನದಿಂದ ಅದೇ ಕಂಪನಿಯ ಟ್ರೈನಿಗಳು, ಸಂಬಳವೂ ಬರುತ್ತದೆ. ಹಾಗಂತ ಪರೀಕ್ಷೆ ಹಗುರವಲ್ಲ. 2025ರ ಫೆಬ್ರವರಿಯಲ್ಲಿ ಅಲ್ಲಿ 300ಕ್ಕೂ ಹೆಚ್ಚು ಟ್ರೈನಿಗಳನ್ನು ಕಳಿಸಿದ್ದು ದೇಶವೆಲ್ಲ ಸುದ್ದಿಯಾಯಿತು. ಆಂತರಿಕ ಪರೀಕ್ಷೆ ಪಾಸಾಗಲು ಮೂರು ಅವಕಾಶ ಕೊಟ್ಟಿದ್ದೆವು ಎಂದು ಕಂಪನಿ ಹೇಳಿತು. ಅವರಲ್ಲಿ ಅನೇಕರು 2022ರಲ್ಲೇ ಇಂಜಿನಿಯರಿಂಗ್ ಮುಗಿಸಿ, ಆಫರ್ ಲೆಟರ್ ಕೈಯಲ್ಲಿಟ್ಟುಕೊಂಡು ಎರಡು ವರ್ಷ ಕಾದು ಸೇರಿದವರು. ನೌಕರರ ಪರವಾದ ಸಂಘಟನೆಯೊಂದು ಕೇಂದ್ರ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಟ್ಟಿತು. ರಾಜ್ಯದ ಕಾರ್ಮಿಕ ಇಲಾಖೆಯ ಅಧಿಕಾರಿಗಳು ಕ್ಯಾಂಪಸ್‌ಗೆ ಹೋಗಿ ವಿಚಾರಿಸಿದರು.

ನಾನು ಈ ಲೇಖನದಲ್ಲಿ ಹೇಳಹೊರಟಿರುವುದು ಮೂರನೆಯ ಬಗೆಯ ಬಗ್ಗೆ. ಉದ್ಯಮದಲ್ಲಿ ಇದನ್ನು ‘ಹೈರ್, ಟ್ರೈನ್, ಡಿಪ್ಲಾಯ್’ ಅನ್ನುತ್ತಾರೆ. ಹೊಸಬರನ್ನು ಸೇರಿಸಿಕೊಂಡು, ಎರಡು ಮೂರು ತಿಂಗಳು ಕಲಿಸಿ, ಬ್ಯಾಂಕಿನದೋ ವಿಮಾ ಕಂಪನಿಯದೋ ದೊಡ್ಡ ಐಟಿ ಕಂಪನಿಯದೋ ಪ್ರಾಜೆಕ್ಟ್‌ಗೆ ಕಳಿಸುತ್ತಾರೆ. ಸಂಬಳ ಕೊಡುವವರು ಇವರು, ಕೆಲಸ ಹೇಳುವವರು ಅವರು. ಕ್ಲೈಂಟ್ ಪ್ರತಿ ತಿಂಗಳು ಇಷ್ಟು ಅಂತ ಬಿಲ್ ಕಟ್ಟುತ್ತದೆ. ಕಂಪನಿಯ ಬದುಕು ಆ ಬಿಲ್ಲಿನ ಮೇಲೆ ನಿಂತಿದೆ.

ಇನ್ನೊಂದು ಬಗೆಯ ಹೆಸರು ಕೇಳಿರಬಹುದು: ‘ಮೊದಲು ಕಲಿಯಿರಿ, ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಪಾಲು ಕೊಡಿ.’ ಅಮೆರಿಕದಲ್ಲಿ 2017ರಲ್ಲಿ ಶುರುವಾದ ಲ್ಯಾಂಬ್ಡಾ ಸ್ಕೂಲ್ ಅನ್ನುವ ಆನ್‌ಲೈನ್ ಕೋಡಿಂಗ್ ಶಾಲೆ ಇದನ್ನು ಮನೆಮಾತು ಮಾಡಿತು. ಆಮೇಲೆ ಅದು ಬ್ಲೂಮ್‌ಟೆಕ್ ಅಂತ ಹೆಸರು ಬದಲಿಸಿಕೊಂಡಿತು. ಈ ಪಾಲಿನ ಒಪ್ಪಂದ ನಿಜಕ್ಕೂ ಸಾಲವೇ, ಕೆಲಸ ಸಿಕ್ಕವರ ಪ್ರಮಾಣವನ್ನೂ ಹೆಚ್ಚಿಸಿ ಹೇಳಿದ್ದಾರೆ ಎಂದು 2024ರಲ್ಲಿ ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ ಕ್ರಮ ಕೈಗೊಂಡಿತು. ಇಲ್ಲೂ ಅಂಥ ಕೋರ್ಸ್‌ಗಳಿವೆ. ಸೇರುವ ಮುಂಚೆ ‘ಕೆಲಸ ಸಿಗದಿದ್ದರೆ ಎಷ್ಟು ಕಟ್ಟಬೇಕು’ ಅನ್ನುವ ಸಾಲನ್ನು ಹುಡುಕಿ ಓದಿ.

ಇನ್ನು ‘ಬ್ಯಾಕ್‌ಡೋರ್’ ಅನ್ನುವವರ ವಿಷಯ. ಒಂದೂವರೆ ಲಕ್ಷವೋ ಎರಡು ಲಕ್ಷವೋ ಕೊಟ್ಟರೆ ನೇರವಾಗಿ ಕೆಲಸ, ಬೇಕಿದ್ದರೆ ಮೂರು ವರ್ಷದ ಅನುಭವದ ಪತ್ರ ಕೂಡ ಅನ್ನುತ್ತಾರೆ. ಅದು ಮೋಸ. ಇವತ್ತು ಕಂಪನಿಗಳು ಪಿಎಫ್ ದಾಖಲೆ ನೋಡುತ್ತವೆ. ನಿಮ್ಮ ಯುಎಎನ್ ನಂಬರಿನಡಿ (ಕಂಪನಿ ಬದಲಾದರೂ ಬದಲಾಗದ ಪಿಎಫ್ ನಂಬರ್) ಯಾವ ತಿಂಗಳು ಯಾವ ಕಂಪನಿ ಪಿಎಫ್ ಕಟ್ಟಿದೆ ಅನ್ನುವುದು ಇರುತ್ತದೆ. ಪತ್ರದಲ್ಲಿ ಮೂರು ವರ್ಷ, ಪಿಎಫ್‌ನಲ್ಲಿ ಸೊನ್ನೆ ಅಂತಾದರೆ ಕೆಲಸವೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಕೊಟ್ಟ ದುಡ್ಡು ವಾಪಸ್ ಕೇಳಲು ಆ ಆಫೀಸ್ ಅಲ್ಲಿ ಇರುವುದಿಲ್ಲ.

ಒಬ್ಬ ಹೊಸಬನ ಮೇಲೆ ಎಷ್ಟು ಖರ್ಚು, ಎಷ್ಟು ಗಳಿಕೆ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಬರೀ ಉದಾಹರಣೆಗೆ ಹಾಕಿಕೊಂಡವು. ಕಂಪನಿಯಿಂದ ಕಂಪನಿಗೆ ಅಂಕಿ ಬದಲಾಗುತ್ತದೆ, ಲೆಕ್ಕದ ರೀತಿ ಬದಲಾಗುವುದಿಲ್ಲ.

30 ಜನರ ಒಂದು ಬ್ಯಾಚ್ ಅಂದುಕೊಳ್ಳಿ. ಮೂರು ತಿಂಗಳ ಟ್ರೈನಿಂಗ್. ತಿಂಗಳಿಗೆ 15,000 ರೂಪಾಯಿ ಸ್ಟೈಪೆಂಡ್ ಕೊಟ್ಟರೆ ತಲೆಗೆ 45,000. ಟ್ರೈನರ್ ಸಂಬಳದಲ್ಲಿ ಒಬ್ಬರ ಪಾಲಿಗೆ ಬರುವುದು 12,000. ಲ್ಯಾಪ್‌ಟಾಪ್, ಕೂರುವ ಜಾಗ, ಕರೆಂಟು, ಇಂಟರ್‌ನೆಟ್ ಎಲ್ಲ ಸೇರಿ 18,000. ಒಟ್ಟು 75,000. ಮೂವತ್ತು ಜನಕ್ಕೆ 22.5 ಲಕ್ಷ.

ಮೂವತ್ತೂ ಜನ ಕ್ಲೈಂಟ್ ಹತ್ತಿರ ಹೋಗುವುದಿಲ್ಲ. ಕೆಲವರು ಪರೀಕ್ಷೆಯಲ್ಲಿ ನಿಲ್ಲುತ್ತಾರೆ, ಕೆಲವರು ನಡುವೆಯೇ ಬೇರೆ ಕೆಲಸ ಸಿಕ್ಕಿ ಹೋಗುತ್ತಾರೆ. 24 ಜನ ಉಳಿದರು ಅಂದುಕೊಳ್ಳೋಣ. ಹೋದ ಆರು ಜನರ ಖರ್ಚೂ ಈ 24 ಜನರ ತಲೆಗೇ ಬರುತ್ತದೆ. ಆಗ ತಲೆಗೆ ಸುಮಾರು 94,000. ಟ್ರೈನಿಂಗ್ ಮುಗಿದ ಮೇಲೆ ಪ್ರಾಜೆಕ್ಟ್ ಸಿಗುವವರೆಗೆ ಒಂದು ತಿಂಗಳು ಸಂಬಳ ಕೊಟ್ಟು ಕೂರಿಸಿದರೆ ಇನ್ನೊಂದು 28,000. ಹೀಗೆ ಒಬ್ಬರು ಮೊದಲ ರೂಪಾಯಿ ದುಡಿಯುವ ಮುಂಚೆ ಕಂಪನಿ ಅವರ ಮೇಲೆ 1.22 ಲಕ್ಷ ಹಾಕಿರುತ್ತದೆ.

ಆಮೇಲೆ ಬಿಲ್ಲಿಂಗ್ ಶುರು. ಕ್ಲೈಂಟ್ ತಿಂಗಳಿಗೆ 80,000 ಕಟ್ಟುತ್ತದೆ ಅನ್ನಿ. ಸಂಬಳ, ಪಿಎಫ್ ಎಲ್ಲ ಸೇರಿ 30,000 ಹೋಗುತ್ತದೆ. ಸೇಲ್ಸ್, ಎಚ್‌ಆರ್, ಆಫೀಸ್ ಖರ್ಚಿಗೆ 20,000. ಉಳಿಯುವುದು 30,000. ನಾಲ್ಕು ತಿಂಗಳಲ್ಲಿ ಹಾಕಿದ ದುಡ್ಡು ಬಹುತೇಕ ವಾಪಸ್. ಅಂದರೆ ಸೇರಿದ ದಿನದಿಂದ ಎಂಟು ತಿಂಗಳು.

ಈ ಎಂಟನೇ ತಿಂಗಳನ್ನು ನೆನಪಿಟ್ಟುಕೊಳ್ಳಿ. ಆರನೇ ತಿಂಗಳಲ್ಲೇ ಬಿಟ್ಟು ಹೋದರೆ ಕಂಪನಿಗೆ 60,000ಕ್ಕೂ ಸ್ವಲ್ಪ ಜಾಸ್ತಿ ನಷ್ಟ. ಅದು ನಿಜವಾದ ನಷ್ಟವೇ. ಆದರೆ ಇಪ್ಪತ್ತನೇ ತಿಂಗಳಲ್ಲಿ ಬಿಟ್ಟರೆ? ಹದಿನಾರು ತಿಂಗಳ ಬಿಲ್ಲಿಂಗ್‌ನಲ್ಲಿ 4.8 ಲಕ್ಷ ಬಂದಿರುತ್ತದೆ, ಖರ್ಚು ಕಳೆದರೂ ಮೂರೂವರೆ ಲಕ್ಷ ಲಾಭ. ಹಾಗಿದ್ದೂ ಬಾಂಡ್ ಪೇಪರಿನಲ್ಲಿ ‘ಎರಡು ವರ್ಷ ತುಂಬುವ ಮುಂಚೆ ಯಾವಾಗ ಬಿಟ್ಟರೂ ಎರಡು ಲಕ್ಷ’ ಅಂತಲೇ ಇರುತ್ತದೆ. ಟ್ರೈನಿಂಗ್ ಖರ್ಚು ವಸೂಲಾಗಿ ಆಗಲೇ ಒಂದು ವರ್ಷವಾಗಿದೆ. ಮತ್ತೆ ಆ ಎರಡು ಲಕ್ಷ ಕಾಪಾಡುತ್ತಿರುವುದು ಏನನ್ನು? ಒಂದೂವರೆ ವರ್ಷದ ಅನುಭವ ಇರುವವರಿಗೆ ಹೊರಗೆ ಸಿಗುವ ಸಂಬಳಕ್ಕೂ, ಇಲ್ಲಿ ಕೊಡುತ್ತಿರುವ ಹೊಸಬರ ಸಂಬಳಕ್ಕೂ ಇರುವ ಅಂತರವನ್ನು. ನನಗೆ ಈ ವ್ಯವಹಾರದಲ್ಲಿ ಸರಿಕಾಣದ ಜಾಗ ಇದೊಂದೇ. ಉಳಿದ ಲೆಕ್ಕವೆಲ್ಲ ನ್ಯಾಯವಾದದ್ದೇ.

ದೊಡ್ಡ ಕಂಪನಿಗಳಲ್ಲೂ ಹೊಸಬರ ಸಂಬಳ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಹತ್ತು ವರ್ಷಕ್ಕಿಂತ ಜಾಸ್ತಿ ಕಾಲ ನಿಂತುಬಿಟ್ಟಿದೆ. ಬೆಂಗಳೂರಿನ ಬಾಡಿಗೆ ಮಾತ್ರ ನಿಂತಿಲ್ಲ. 2023ರ ಫೆಬ್ರವರಿಯಲ್ಲಿ ವಿಪ್ರೋ, ವರ್ಷಕ್ಕೆ 6.5 ಲಕ್ಷದ ಆಫರ್ ಪಡೆದು ಕಾಯುತ್ತಿದ್ದ ಹೊಸಬರನ್ನು 3.5 ಲಕ್ಷಕ್ಕೆ ಸೇರುತ್ತೀರಾ ಎಂದು ಕೇಳಿತ್ತು. ಬೇಡಿಕೆ ಕುಸಿದಾಗ ಮೊದಲ ಏಟು ಬೀಳುವುದು ಇನ್ನೂ ಬಿಲ್ಲಿಂಗ್ ಶುರುವಾಗದವರ ಮೇಲೆ.

ಟ್ರೈನಿಂಗ್ ರೂಮಿನೊಳಗೆ

ಮೇಲಿನ ಲೆಕ್ಕ ನೋಡಿದರೆ ಟ್ರೈನಿಂಗ್ ಯಾಕೆ ಮೂರೇ ತಿಂಗಳು ಅಂತ ಗೊತ್ತಾಗುತ್ತದೆ. ಒಂದೊಂದು ವಾರವೂ ಖರ್ಚು. ಮೊದಲ ಮೂರು ನಾಲ್ಕು ವಾರ ಕೋರ್ ಜಾವಾ, ಆಮೇಲೆ ಎಸ್‌ಕ್ಯುಎಲ್, ಆಮೇಲೆ ಸ್ಪ್ರಿಂಗ್ ಬೂಟ್, ನಡುವೆ ಗಿಟ್, ಸ್ವಲ್ಪ ಎಚ್‌ಟಿಎಂಎಲ್ ಮತ್ತು ಜಾವಾಸ್ಕ್ರಿಪ್ಟ್, ಕೊನೆಗೆ ಒಂದು ಪ್ರಾಜೆಕ್ಟ್. ಪ್ರತಿ ವಾರ ಟೆಸ್ಟ್, ಪ್ರತಿ ವಾರ ಮಾಕ್ ಇಂಟರ್‌ವ್ಯೂ. ಕ್ಲೈಂಟ್‌ನಿಂದ ಬೇಡಿಕೆ ಬಂದರೆ ಎಂಟನೇ ವಾರದಲ್ಲೇ ನಾಲ್ಕು ಜನರನ್ನು ಎಬ್ಬಿಸಿ ಕರೆದುಕೊಂಡು ಹೋಗುವುದೂ ಉಂಟು.

ಬರುವವರು ಎಂಥವರು? ಬೆಳಗಾವಿಯ ವಿಟಿಯು ಅಡಿಯ ಕಾಲೇಜುಗಳಲ್ಲಿ ಬಿಇ ಮಾಡಿದವರು, ಬಿಸಿಎ, ಬಿಎಸ್‌ಸಿ ಮುಗಿಸಿದವರು. ಮೆಕ್ಯಾನಿಕಲ್, ಸಿವಿಲ್ ಓದಿ ಆ ಕಡೆ ಕೆಲಸ ಸಿಗದೆ ಈ ಕಡೆ ಬಂದವರೂ ತುಂಬ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ ರಾಯಚೂರು, ಹಾವೇರಿ, ಚಾಮರಾಜನಗರ ಕಡೆಯ ಮಕ್ಕಳಿರುತ್ತಾರೆ. ಅವರಿಗೆ ಲಾಜಿಕ್ ಚೆನ್ನಾಗಿ ಬರುತ್ತದೆ. ಆದರೆ ‘ಎಕ್ಸ್‌ಪ್ಲೇನ್’ ಅಂದ ಕೂಡಲೇ ನಾಲಿಗೆ ಕಟ್ಟಿಬಿಡುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ, ಇದು ಹೆಚ್ಚು ಕಡಿಮೆ ಪ್ರತಿ ಬ್ಯಾಚಿನಲ್ಲೂ ಆಗುವಂಥದ್ದು. ಲಾಗಿನ್ ಪ್ರೋಗ್ರಾಂ ಬರೆಯಿರಿ ಅನ್ನುತ್ತೇನೆ. ಹುಡುಗಿ ಬರೆಯುತ್ತಾಳೆ. ಪಾಸ್‌ವರ್ಡ್ ಸರಿಯಿದೆಯೇ ಅಂತ ನೋಡಲು ಎರಡು ಸ್ಟ್ರಿಂಗ್‌ಗಳನ್ನು, ಅಂದರೆ ಅಕ್ಷರಗಳ ಸಾಲುಗಳನ್ನು, ‘ಡಬಲ್ ಈಕ್ವಲ್ಸ್’ (==) ಹಾಕಿ ಹೋಲಿಸಿರುತ್ತಾಳೆ. ಮೊದಲು ಎರಡನ್ನೂ ಕೋಡಿನಲ್ಲೇ ಟೈಪ್ ಮಾಡಿ ಪರೀಕ್ಷಿಸುತ್ತಾಳೆ. ಸರಿ ಬರುತ್ತದೆ. ಆಮೇಲೆ ಕೀಬೋರ್ಡಿನಿಂದ ಪಾಸ್‌ವರ್ಡ್ ತೆಗೆದುಕೊಳ್ಳುವ ಹಾಗೆ ಬದಲಿಸುತ್ತಾಳೆ. ಅದೇ ಅಕ್ಷರಗಳು, ಆದರೂ ತಪ್ಪು ಅನ್ನುತ್ತದೆ. ‘ಸರ್, ಆಗ ಸರಿ ಇತ್ತಲ್ವಾ, ಈಗ ಯಾಕೆ ಹೀಗೆ?’

ಇಲ್ಲಿ ‘ಈಕ್ವಲ್ಸ್ ಮೆಥಡ್ ಹಾಕಮ್ಮ’ ಅಂತ ಹೇಳಿ ಮುಂದೆ ಹೋದರೆ ಎರಡು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ಆದರೆ ಕಲಿಯುವ ಜಾಗ ಇದೇ. ಕೋಡಿನಲ್ಲೇ ಬರೆದ ಒಂದೇ ಥರದ ಪಠ್ಯಗಳನ್ನು ಜಾವಾ ಮೆಮೊರಿಯಲ್ಲಿ ಒಂದೇ ಕಡೆ ಇಟ್ಟುಕೊಳ್ಳುತ್ತದೆ, ಅದಕ್ಕೆ ಸ್ಟ್ರಿಂಗ್ ಪೂಲ್ ಅನ್ನುತ್ತಾರೆ. ಕೀಬೋರ್ಡಿನಿಂದ ಬಂದದ್ದು ಬೇರೆ ಜಾಗದಲ್ಲಿ ಹೊಸದಾಗಿ ಹುಟ್ಟುತ್ತದೆ. ಡಬಲ್ ಈಕ್ವಲ್ಸ್ ನೋಡುವುದು ‘ಎರಡೂ ಒಂದೇ ಜಾಗದಲ್ಲಿವೆಯಾ’ ಅಂತ. ಈಕ್ವಲ್ಸ್ ಮೆಥಡ್ ನೋಡುವುದು ‘ಒಳಗಿನ ಅಕ್ಷರಗಳು ಒಂದೇನಾ’ ಅಂತ. ಇದನ್ನು ಬೋರ್ಡಿನ ಮೇಲೆ ಎರಡು ಡಬ್ಬಿ ಬರೆದು ಮೊದಲು ಕನ್ನಡದಲ್ಲಿ ಹೇಳುತ್ತೇನೆ. ಆಮೇಲೆ ಅವಳ ಬಾಯಿಂದ ಇಂಗ್ಲಿಷಿನಲ್ಲಿ ಹೇಳಿಸುತ್ತೇನೆ. ಮೊದಲು ತಡವರಿಸುತ್ತಾಳೆ, ಮೂರನೇ ಸಲ ಹೇಳುವಾಗ ಮಾತು ಸರಾಗವಾಗುತ್ತದೆ. ಅರ್ಥ ಆದದ್ದಕ್ಕೆ ಇಂಗ್ಲಿಷ್ ಬೇಗ ಸಿಗುತ್ತದೆ. ಅರ್ಥ ಆಗದೆ ಬಾಯಿಪಾಠ ಮಾಡಿದ ಇಂಗ್ಲಿಷ್ ಎರಡನೇ ಪ್ರಶ್ನೆಗೇ ಮುರಿದು ಬೀಳುತ್ತದೆ.

ಟ್ರೈನರ್ ಮೇಲೂ ಒತ್ತಡ ಇದೆ. ನನ್ನ ಕೆಲಸವನ್ನು ಅಳೆಯುವುದು ಬ್ಯಾಚಿನಲ್ಲಿ ಎಷ್ಟು ಜನ ಡಿಪ್ಲಾಯ್ ಆದರು ಅನ್ನುವುದರಿಂದ. ಹಾಗಾಗಿ ನೂರು ಇಂಟರ್‌ವ್ಯೂ ಪ್ರಶ್ನೆ ಹಿಡಿಸಿ ಕಳಿಸುವ ಆಸೆ ಎಲ್ಲ ಟ್ರೈನರ್‌ಗಳಿಗೂ ಬರುತ್ತದೆ. ಆ ದಾರಿ ಹಿಡಿದರೆ ಪ್ಲೇಸ್‌ಮೆಂಟ್ ಸಂಖ್ಯೆ ಒಂದು ತಿಂಗಳು ಚೆನ್ನಾಗಿ ಕಾಣುತ್ತದೆ. ಮೂರನೇ ತಿಂಗಳಿಗೆ ಕ್ಲೈಂಟ್ ಅದೇ ಹುಡುಗನನ್ನು ವಾಪಸ್ ಕಳಿಸುತ್ತದೆ. ಒಳ್ಳೆ ಕಂಪನಿ ಯಾವುದು ಅಂತ ತಿಳಿಯಬೇಕಾದರೆ ಅಲ್ಲಿ ಓದಿ ಹೋದವರನ್ನು ಹಿಡಿದು ಕೇಳಿ: ಮೊದಲ ಕ್ಲೈಂಟ್ ಹತ್ತಿರ ಎಷ್ಟು ತಿಂಗಳು ಉಳಿದಿರಿ? ಈ ಉತ್ತರ ಯಾವ ಜಾಹೀರಾತಿನಲ್ಲೂ ಸಿಗುವುದಿಲ್ಲ.

ಈಗ ಇನ್ನೊಂದು ಸೇರಿಕೊಂಡಿದೆ. ಚಾಟ್‌ಜಿಪಿಟಿಯಂಥ ಸಾಧನಗಳಿಗೆ ಕೇಳಿದರೆ ಕೋಡ್ ಬಂದುಬಿಡುತ್ತದೆ. ಬಳಸಬೇಡಿ ಅನ್ನುವುದಕ್ಕೆ ಅರ್ಥವಿಲ್ಲ, ಪ್ರಾಜೆಕ್ಟ್‌ಗೆ ಹೋದ ಮೇಲೆ ಬಹಳ ಕಡೆ ಅವರೇ ಬಳಸಿ ಅನ್ನುತ್ತಾರೆ. ಆದರೆ ಇಂಟರ್‌ವ್ಯೂನಲ್ಲಿ ಸ್ಕ್ರೀನ್ ಶೇರ್ ಮಾಡಿಸಿ, ಒಂದು ಸಾಲು ತೋರಿಸಿ, ಇದನ್ನು ತೆಗೆದರೆ ಏನಾಗುತ್ತದೆ ಅಂತ ಕೇಳುತ್ತಾರೆ. ತಪ್ಪು ಬಂದಾಗ ಕೆಂಪು ಅಕ್ಷರದಲ್ಲಿ ಉದ್ದಕ್ಕೆ ಬೀಳುವ ಎರರ್‌ನಲ್ಲಿ, ತಾನು ಬರೆದ ಫೈಲಿನ ಹೆಸರು ಮೊದಲು ಎಲ್ಲಿದೆ ಅಂತ ಹುಡುಕಿ ಆ ಸಾಲಿಗೆ ಹೋಗುವ ಅಭ್ಯಾಸ ಇರುವವರು ಇಲ್ಲಿ ಗೆಲ್ಲುತ್ತಾರೆ.

ಕ್ಲೈಂಟ್ ಇಂಟರ್‌ವ್ಯೂ, ಬೆಂಚ್, ಡಿಪ್ಲಾಯ್

ಟ್ರೈನಿಂಗ್ ಪಾಸಾದರೆ ಕೆಲಸ ಸಿಕ್ಕ ಹಾಗೆ ಅಂದುಕೊಳ್ಳುವವರು ಬಹಳ. ಕ್ಲೈಂಟ್ ಮತ್ತೆ ಇಂಟರ್‌ವ್ಯೂ ಮಾಡುತ್ತದೆ. ಅಲ್ಲಿ ಕೂತ ಸೀನಿಯರ್ ಡೆವಲಪರ್‌ಗೆ ಅವತ್ತು ಇನ್ನೂ ಐದು ಜನರನ್ನು ನೋಡುವುದಿರುತ್ತದೆ. ಐದೂ ಜನ ಒಂದೇ ಬ್ಯಾಚಿನವರು, ಐದೂ ಜನರ ರೆಸ್ಯೂಮೆಯಲ್ಲಿ ಅದೇ ಆನ್‌ಲೈನ್ ಶಾಪಿಂಗ್ ಪ್ರಾಜೆಕ್ಟ್. ಮೂರನೆಯವನು ಬರುವಷ್ಟರಲ್ಲಿ ಅವರು ಪ್ರಾಜೆಕ್ಟ್ ವಿವರಿಸಿ ಅನ್ನುವುದನ್ನೇ ಬಿಟ್ಟಿರುತ್ತಾರೆ. ‘ಇದರಲ್ಲಿ ನೀನು ಬರೆದದ್ದು ಯಾವುದು, ಬರೆಯುವಾಗ ಎಲ್ಲಿ ಸಿಕ್ಕಿಕೊಂಡೆ’ ಅನ್ನುತ್ತಾರೆ. ಕಾರ್ಟ್‌ನಲ್ಲಿ ಒಂದೇ ವಸ್ತು ಎರಡು ಸಲ ಸೇರುತ್ತಿತ್ತು, ಹೀಗೆ ಪತ್ತೆ ಮಾಡಿದೆ, ಹೀಗೆ ಸರಿಪಡಿಸಿದೆ ಅಂತ ಹೇಳುವವರ ಕಡೆ ಅವರು ಕತ್ತೆತ್ತಿ ನೋಡುತ್ತಾರೆ.

ಆಯ್ಕೆಯಾಗದಿದ್ದರೆ ಬೆಂಚ್. ಕಂಪನಿಯಲ್ಲಿದ್ದೀರಿ, ಪ್ರಾಜೆಕ್ಟ್ ಇಲ್ಲ. ಸಂಬಳ ಹೋಗುತ್ತಿದೆ, ಬಿಲ್ ಬರುತ್ತಿಲ್ಲ. ಅದಕ್ಕೇ ಬೆಂಚ್ ಮೇಲಿರುವವರನ್ನು ಮ್ಯಾನೇಜರ್ ದಿನಾ ವಿಚಾರಿಸುತ್ತಾರೆ, ಬೆಂಗಳೂರು ಇಲ್ಲದಿದ್ದರೆ ಪುಣೆ, ಜಾವಾ ಇಲ್ಲದಿದ್ದರೆ ಟೆಸ್ಟಿಂಗ್ ಅಂತ ಒತ್ತಾಯ ಶುರುವಾಗುತ್ತದೆ. ಇಲ್ಲಿ ಎರಡು ವಿಷಯ ಮೊದಲೇ ಬರಹದಲ್ಲಿ ಗೊತ್ತಿರಬೇಕು. ಬೆಂಚ್ ಮೇಲೆ ಪೂರ್ತಿ ಸಂಬಳವೋ, ಸ್ಟೈಪೆಂಡೋ, ಏನೂ ಇಲ್ಲವೋ? ಬಾಂಡಿನ ಎರಡು ವರ್ಷ ಲೆಕ್ಕ ಶುರುವಾಗುವುದು ಸೇರಿದ ದಿನದಿಂದಲೋ, ಡಿಪ್ಲಾಯ್ ಆದ ದಿನದಿಂದಲೋ? ಎರಡನೆಯದಾದರೆ, ಆರು ತಿಂಗಳು ಬೆಂಚ್ ಮೇಲೆ ಕೂತವರ ಎರಡು ವರ್ಷ ಎರಡೂವರೆ ದಾಟುತ್ತದೆ.

ಡಿಪ್ಲಾಯ್ ಆದ ಮೇಲೆ ನಿಮಗೆ ಇಬ್ಬರು ಮ್ಯಾನೇಜರ್. ರಜೆ ಬೇಕೆಂದರೆ ಇಬ್ಬರಿಗೂ ಹೇಳಬೇಕು. ಕೆಲವು ಆಫೀಸುಗಳಲ್ಲಿ ಹೊರಗಿನ ಕಂಪನಿಯವರ ಐಡಿ ಟ್ಯಾಗಿನ ಬಣ್ಣವೇ ಬೇರೆ. ತಂಡದ ಟೂರ್‌ಗೆ ಕರೆಯುವುದಿಲ್ಲ, ಬೋನಸ್ ಸುದ್ದಿ ಬಂದಾಗ ಆ ಇ-ಮೇಲ್ ನಿಮಗೆ ಬರುವುದಿಲ್ಲ. ಮನಸ್ಸಿಗೆ ಚುಚ್ಚುತ್ತದೆ. ಆದರೆ ಕೆಲಸ ಕಲಿಯುವುದಕ್ಕೆ ಅದರಿಂದೇನೂ ಅಡ್ಡಿಯಿಲ್ಲ. ಮೊದಲ ಕೆಲವು ವಾರ ‘ಶಾಡೋ’ ಅಂತ ಇಡುತ್ತಾರೆ, ಅನುಭವಸ್ಥರ ಪಕ್ಕ ಕೂತು ನೋಡುವುದು. ಹೊಸಬರು ಅತಿ ಹೆಚ್ಚು ಕಲಿಯುವುದು ಅಲ್ಲಿಯೇ. ಸಾವಿರಾರು ಫೈಲ್ ಇರುವ ಹಳೆಯ ಕೋಡಿನಲ್ಲಿ ತನಗೆ ಬೇಕಾದ ಹತ್ತು ಸಾಲು ಹುಡುಕುವುದನ್ನು ನನ್ನ ಕ್ಲಾಸಿನಲ್ಲಿ ಹೇಳಿಕೊಡಲು ಆಗುವುದಿಲ್ಲ.

ಚೆನ್ನಾಗಿ ಕೆಲಸ ಮಾಡಿದರೆ ಕ್ಲೈಂಟ್ ‘ನಮ್ಮಲ್ಲೇ ಸೇರಿಬಿಡು’ ಅನ್ನಬಹುದು. ಆ ಎರಡು ಕಂಪನಿಗಳ ನಡುವೆ ಇದಕ್ಕೂ ಸಾಮಾನ್ಯವಾಗಿ ಒಪ್ಪಂದ ಇರುತ್ತದೆ, ಇಷ್ಟು ತಿಂಗಳಾದ ಮೇಲೆ, ಇಷ್ಟು ದುಡ್ಡು ಕೊಟ್ಟು ತೆಗೆದುಕೊಳ್ಳಬಹುದು ಅಂತ. ಹಾಗೆ ಹೋದವರು ಬಾಂಡ್ ದುಡ್ಡು ಕಟ್ಟಬೇಕಾಗಿಲ್ಲ ಅನ್ನುವುದನ್ನು ಇ-ಮೇಲ್‌ನಲ್ಲಿ ಬರೆಸಿಕೊಂಡರೆ ಒಳ್ಳೆಯದು.

ಬಾಂಡ್ ಬಗ್ಗೆ ಕಾನೂನು ಏನನ್ನುತ್ತದೆ

ಹೆದರಿಕೆ ಇರುವುದೂ ಇಲ್ಲೇ, ತಪ್ಪು ತಿಳಿವಳಿಕೆ ಇರುವುದೂ ಇಲ್ಲೇ. ಒಂದು ಗುಂಪು ‘ಬಾಂಡಿಗೆ ಬೆಲೆಯೇ ಇಲ್ಲ, ಹರಿದು ಬಿಸಾಕು’ ಅನ್ನುತ್ತದೆ. ಇನ್ನೊಂದು ಗುಂಪು ‘ಸಹಿ ಹಾಕಿದರೆ ಮುಗೀತು, ಪೊಲೀಸರು ಬರುತ್ತಾರೆ’ ಅನ್ನುತ್ತದೆ. ಎರಡೂ ತಪ್ಪು.

ನಮ್ಮಲ್ಲಿ ಇದು 1872ರ ಭಾರತೀಯ ಕರಾರು ಕಾಯ್ದೆಯ ವಿಷಯ. ಅದರ 27ನೇ ಸೆಕ್ಷನ್ ಪ್ರಕಾರ ಒಬ್ಬರು ತಮ್ಮ ವೃತ್ತಿ ಮಾಡದಂತೆ ತಡೆಯುವ ಒಪ್ಪಂದ ನಿಲ್ಲುವುದಿಲ್ಲ. ಅಂದರೆ ‘ಇಲ್ಲಿ ಬಿಟ್ಟ ಮೇಲೆ ಎರಡು ವರ್ಷ ಬೇರೆ ಯಾವ ಐಟಿ ಕಂಪನಿಗೂ ಸೇರಬಾರದು’ ಅಂತ ಬರೆದಿದ್ದರೆ ಅದಕ್ಕೆ ಬಲವಿಲ್ಲ. ಆದರೆ ಕೆಲಸದಲ್ಲಿರುವಾಗ ಇಷ್ಟು ಕಾಲ ಇರಬೇಕು, ಮುಂಚೆ ಬಿಟ್ಟರೆ ಇಷ್ಟು ಕಟ್ಟಬೇಕು ಅನ್ನುವುದು ಬೇರೆ ಮಾತು. ಅದಕ್ಕೆ 74ನೇ ಸೆಕ್ಷನ್ ಇದೆ. ಪೇಪರಿನಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ. ಅದರೊಳಗೆ ನ್ಯಾಯವಾದ ಪರಿಹಾರ ಎಷ್ಟೋ ಅಷ್ಟನ್ನು ಕೋರ್ಟ್ ಕೊಡಿಸಬಹುದು. ಎಂಟನೇ ತಿಂಗಳ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಟ್ರೈನಿಂಗ್‌ಗೆ ನಿಜಕ್ಕೂ ಎಷ್ಟು ಖರ್ಚಾಯಿತು, ನನ್ನ ಕೆಲಸದಿಂದ ಎಷ್ಟು ವಸೂಲಾಯಿತು ಎಂದು ಕೇಳುವುದಕ್ಕೆ ನಿಮಗೆ ಜಾಗ ಇದೆ.

ಈ ವಿಷಯದಲ್ಲಿ ಇತ್ತೀಚಿನ ದೊಡ್ಡ ತೀರ್ಪು ನಮ್ಮ ರಾಜ್ಯದಿಂದಲೇ ಹೋದ ಪ್ರಕರಣದ್ದು. ಮಂಗಳೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇದ್ದ ವಿಜಯಾ ಬ್ಯಾಂಕ್ ಒಬ್ಬ ಅಧಿಕಾರಿಯನ್ನು ಮೂರು ವರ್ಷ ಇರಬೇಕು, ಇಲ್ಲದಿದ್ದರೆ ಎರಡು ಲಕ್ಷ ಕೊಡಬೇಕು ಅನ್ನುವ ಷರತ್ತಿನ ಮೇಲೆ ಸೇರಿಸಿಕೊಂಡಿತ್ತು. ಅವರು 2007ರಲ್ಲಿ ಸೇರಿ 2009ರಲ್ಲಿ ಬೇರೆ ಬ್ಯಾಂಕಿಗೆ ಹೋದರು. ಪ್ರತಿಭಟನೆ ದಾಖಲಿಸಿಯೇ ದುಡ್ಡು ಕಟ್ಟಿ, ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರು ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಬ್ಯಾಂಕಿನ ಷರತ್ತು ಸರಿ ಎಂದಿತು. ಕೆಲಸದ ಅವಧಿಯೊಳಗಿನ ಷರತ್ತು 27ನೇ ಸೆಕ್ಷನ್ನಿಗೆ ವಿರುದ್ಧವಲ್ಲ ಅನ್ನುವುದು ಒಂದು ಕಾರಣ. ಸರ್ಕಾರಿ ಬ್ಯಾಂಕು ಬಹಿರಂಗ ಜಾಹೀರಾತು, ಪರೀಕ್ಷೆ ಎಲ್ಲ ನಡೆಸಿ ಮತ್ತೆ ಆಯ್ಕೆ ಮಾಡಬೇಕಾದ ಖರ್ಚು, ಹೊತ್ತು ಇನ್ನೊಂದು ಕಾರಣ.

ಆ ತೀರ್ಪು ಬಂದ ಮೇಲೆ ‘ನೋಡಿ, ಬಾಂಡ್ ಪೂರ್ತಿ ಮಾನ್ಯ’ ಅಂತ ಹೆದರಿಸುವವರು ಜಾಸ್ತಿಯಾದರು. ತೀರ್ಪನ್ನು ಹಾಗೆ ಎಳೆಯಬಾರದು. ಅಲ್ಲಿದ್ದವರು ಅನುಭವ ಇರುವ ಹಿರಿಯ ಅಧಿಕಾರಿ, ಅವರ ಸಂಬಳಕ್ಕೆ ಹೋಲಿಸಿದರೆ ಎರಡು ಲಕ್ಷ ಅತಿಯಾಗಿರಲಿಲ್ಲ ಅನ್ನುವುದನ್ನೂ ಕೋರ್ಟ್ ನೋಡಿತ್ತು. ತಿಂಗಳಿಗೆ ಇಪ್ಪತ್ತೈದು ಸಾವಿರ ಪಡೆಯುವ ಹೊಸಬರ ಮೇಲೆ ಐದು ಲಕ್ಷ ಹಾಕುವ ಖಾಸಗಿ ಕಂಪನಿ ತನ್ನ ಖರ್ಚನ್ನು ತಾನೇ ತೋರಿಸಿ ಸಮರ್ಥಿಸಬೇಕಾಗುತ್ತದೆ.

ಬಾಂಡ್ ಮುರಿಯುವುದು ಸಿವಿಲ್ ವಿಷಯ. ಅದಕ್ಕೆ ಪೊಲೀಸ್ ಠಾಣೆ, ಅರೆಸ್ಟ್ ಅಂತ ಹೆದರಿಸುವುದು ಸುಳ್ಳು. ಆದರೆ ಒಂದು ಅಪಾಯ ನಿಜವಾದದ್ದು: ಸಹಿ ಹಾಕಿದ ಖಾಲಿ ಚೆಕ್. ಅದನ್ನು ಬ್ಯಾಂಕಿಗೆ ಹಾಕಿ ಬೌನ್ಸ್ ಆದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಅಡಿ ಕ್ರಿಮಿನಲ್ ಕೇಸು ಹಾಕಲು ಬರುತ್ತದೆ. ಕೊನೆಗೆ ನೀವು ಗೆಲ್ಲಬಹುದು, ಅಲ್ಲಿಯವರೆಗೆ ಓಡಾಟ ತಪ್ಪುವುದಿಲ್ಲ. ಖಾಲಿ ಚೆಕ್ ಕೇಳುವ ಕಂಪನಿಗೆ ಸೇರಬೇಡಿ. ಮಾರ್ಕ್ಸ್ ಕಾರ್ಡಿನ ಒರಿಜಿನಲ್ ಇಟ್ಟುಕೊಳ್ಳುತ್ತೇವೆ ಅನ್ನುವವರಿಗೂ ಅದೇ ಮಾತು. ಪರಿಶೀಲಿಸಲು ತೋರಿಸಿ, ಅವತ್ತೇ ವಾಪಸ್ ತೆಗೆದುಕೊಂಡು ಬನ್ನಿ.

ಬಾಂಡಿನಲ್ಲಿ ಇನ್ನೊಂದು ಸಾಲು ನೋಡಬೇಕು. ಕಂಪನಿಯೇ ತೆಗೆದುಹಾಕಿದರೆ ಯಾರು ಕಟ್ಟಬೇಕು? 2023ರ ಜನವರಿಯಲ್ಲಿ ವಿಪ್ರೋ ಆಂತರಿಕ ಪರೀಕ್ಷೆಯಲ್ಲಿ ಹಿಂದುಳಿದ 452 ಹೊಸಬರನ್ನು ಕಳಿಸಿತು. ನೀವು ಕಟ್ಟಬೇಕಿದ್ದ ಟ್ರೈನಿಂಗ್ ಖರ್ಚು 75,000 ರೂಪಾಯಿಯನ್ನು ಮನ್ನಾ ಮಾಡಿದ್ದೇವೆ ಅಂತ ಅವರ ಪತ್ರದಲ್ಲಿ ಇದ್ದದ್ದು ಪತ್ರಿಕೆಗಳಲ್ಲಿ ಬಂತು. ಮನ್ನಾ ಮಾಡಿದ್ದು ಒಳ್ಳೆಯದೇ. ಆದರೆ ಕೆಲಸ ಕಳೆದುಕೊಂಡವರೇ ಕಟ್ಟಬೇಕು ಅನ್ನುವ ಷರತ್ತು ಪೇಪರಿನಲ್ಲಿ ಇರಬಹುದು ಅನ್ನುವುದೂ ಇದರಿಂದ ಗೊತ್ತಾಗುತ್ತದೆ. ‘ಕಂಪನಿ ತೆಗೆದರೆ ನಾನು ಏನೂ ಕಟ್ಟಬೇಕಾಗಿಲ್ಲ’ ಅನ್ನುವ ಒಂದು ವಾಕ್ಯ ಸೇರಿಸಿ ಎಂದು ಕೇಳಲು ಸಂಕೋಚ ಬೇಡ. ಬಿಟ್ಟ ತಿಂಗಳಿಗೆ ತಕ್ಕ ಹಾಗೆ ಮೊತ್ತ ಇಳಿಯುತ್ತಾ ಹೋಗಲಿ ಅಂತಲೂ ಕೇಳಬಹುದು. ಕೆಲವು ಕಂಪನಿಗಳು ಒಪ್ಪುತ್ತವೆ.

ಅಮೆರಿಕದಲ್ಲಿ ಎಂಎಸ್ ಮುಗಿಸಿದ ನಮ್ಮ ಹುಡುಗರಿಗೂ ಇದು ಅನ್ವಯ. ಓದು ಮುಗಿದ ಮೇಲೆ ಸ್ಟೂಡೆಂಟ್ ವೀಸಾದಲ್ಲೇ ಕೆಲಸ ಮಾಡಲು ಕೊಡುವ ಒಪಿಟಿ ಅವಧಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ. ಆ ಆತುರದಲ್ಲಿ ‘ಕಲಿಸಿ ಕಳಿಸುತ್ತೇವೆ’ ಅನ್ನುವ ಕನ್ಸಲ್ಟೆನ್ಸಿಗಳಿಗೆ ಸಹಿ ಹಾಕುತ್ತಾರೆ. ಎಚ್-1ಬಿ ಕೆಲಸದ ವೀಸಾ ಆದ ಮೇಲೆ ಬೆಂಚ್ ಮೇಲಿದ್ದರೂ ಕಂಪನಿ ಸಂಬಳ ಕೊಡಲೇಬೇಕು ಅನ್ನುವುದು ಅಲ್ಲಿನ ನಿಯಮ. ವರ್ಜೀನಿಯಾದ ಇಂಥದ್ದೇ ಒಂದು ಕಂಪನಿಯ ಮೇಲೆ, ಬಿಟ್ಟು ಹೋದವರಿಂದ ಸಾವಿರಾರು ಡಾಲರ್ ಕೇಳಿದ್ದಕ್ಕೆ 2024ರಲ್ಲಿ ಅಮೆರಿಕದ ಕಾರ್ಮಿಕ ಇಲಾಖೆಯೇ ಕೋರ್ಟಿಗೆ ಹೋಯಿತು. ಕ್ಯಾಲಿಫೋರ್ನಿಯಾ ಇನ್ನೂ ಮುಂದೆ ಹೋಗಿ, ‘ಇರು, ಇಲ್ಲವೇ ದುಡ್ಡು ಕಟ್ಟು’ ಅನ್ನುವ ಬಹುಪಾಲು ಒಪ್ಪಂದಗಳನ್ನು 2026ರ ಜನವರಿ 1ರಿಂದ ನಿಷೇಧಿಸುವ ಕಾನೂನು ತಂದಿದೆ. ನಮ್ಮಲ್ಲಿ ಅಂಥ ಕಾನೂನಿಲ್ಲ.

ಸೇರುವುದೋ ಬೇಡವೋ

ನನ್ನನ್ನು ಕೇಳಿದರೆ, ಕ್ಯಾಂಪಸ್‌ನಲ್ಲಿ ಕೆಲಸ ಸಿಗದವರಿಗೆ, ಬೇರೆ ಬ್ರಾಂಚ್ ಓದಿದವರಿಗೆ, ಸಣ್ಣ ಊರಿನ ಕಾಲೇಜಿನವರಿಗೆ ಇದು ಒಳ್ಳೆ ಬಾಗಿಲು. ಆ ಮಕ್ಕಳ ರೆಸ್ಯೂಮೆಯನ್ನು ದೊಡ್ಡ ಕಂಪನಿಗಳ ಸಾಫ್ಟ್‌ವೇರ್ ಮೊದಲೇ ತಳ್ಳಿಹಾಕುತ್ತದೆ, ಹತ್ತನೇ ಕ್ಲಾಸಿನಿಂದ ಶೇಕಡಾ 60 ಇಲ್ಲ, ನಡುವೆ ಒಂದು ವರ್ಷ ಗ್ಯಾಪ್ ಇದೆ ಅಂತ. ನಮ್ಮಂಥ ಕಂಪನಿ ಅವರನ್ನು ಕೂರಿಸಿ ಕಲಿಸಿ, ಎದುರಿಗೆ ಕರೆದೊಯ್ದು ನಿಲ್ಲಿಸುತ್ತದೆ. ಕಲಿಯುವಾಗ ನೀವು ದುಡ್ಡು ಕೊಡುವುದಿಲ್ಲ, ನಿಮಗೇ ಕೊಡುತ್ತಾರೆ. ಎರಡು ವರ್ಷ ಕಡಿಮೆ ಸಂಬಳ ಅನ್ನುವುದು ಅದಕ್ಕೆ ತೆರುವ ಬೆಲೆ. ಆ ಬೆಲೆ ಒಪ್ಪಿಗೆಯಾದರೆ ಸೇರಿ. ಈ ಬಗೆಯ ಕಂಪನಿ ಎಂದು ಹೇಳಿಕೊಂಡು ನಿಮ್ಮಿಂದಲೇ ರಿಜಿಸ್ಟ್ರೇಷನ್, ಡೆಪಾಸಿಟ್, ಲ್ಯಾಪ್‌ಟಾಪ್ ಚಾರ್ಜ್ ಅಂತ ದುಡ್ಡು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಅವರಿಗೆ ಕ್ಲೈಂಟ್ ಇಲ್ಲ, ನೀವೇ ಅವರ ಕ್ಲೈಂಟ್.

ಬಿಡುವ ಹೊತ್ತು ಬಂದಾಗ ಜಗಳ ಮಾಡಿಕೊಂಡು, ಹೇಳದೆ ಕೇಳದೆ ಹೋಗಬೇಡಿ. ಕೆಲಸದಿಂದ ಬಿಡುಗಡೆ ಮಾಡಿದ್ದೇವೆ ಅನ್ನುವ ರಿಲೀವಿಂಗ್ ಲೆಟರ್ ಇಲ್ಲದಿದ್ದರೆ ಮುಂದಿನ ಕಂಪನಿಯ ಪರಿಶೀಲನೆಯಲ್ಲಿ ತೊಂದರೆ ಆಗುತ್ತದೆ, ಬಹಳ ಕಂಪನಿಗಳಿಗೆ ಬಾಂಡಿಗಿಂತ ದೊಡ್ಡ ಹಿಡಿತ ಅದೇ. ರಾಜೀನಾಮೆಯನ್ನು ಇ-ಮೇಲ್‌ನಲ್ಲಿ ಕೊಡಿ, ನೋಟಿಸ್ ಪೀರಿಯಡ್ ಮುಗಿಸಿ, ಲ್ಯಾಪ್‌ಟಾಪ್ ವಾಪಸ್ ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಿ. ಬಾಂಡ್ ಮೊತ್ತದ ಬಗ್ಗೆ ತಕರಾರಿದ್ದರೆ ಖರ್ಚಿನ ವಿವರ ಕೊಡಿ ಅಂತ ಬರಹದಲ್ಲೇ ಕೇಳಿ. ಕಂಪನಿ ಮೇಲ್ ಬಂದ್ ಆಗುವ ಮುಂಚೆ ಎಲ್ಲ ತಿಂಗಳ ಪೇ ಸ್ಲಿಪ್, ನೇಮಕಾತಿ ಪತ್ರ, ಸಂಬಳ ಏರಿಸಿದ ಪತ್ರಗಳನ್ನು ಇಳಿಸಿಟ್ಟುಕೊಳ್ಳಿ. ಕ್ಲೈಂಟ್‌ನ ಕೋಡನ್ನು ಮಾತ್ರ ಒಂದು ಸಾಲೂ ತರಬೇಡಿ. ಪಿಎಫ್ ಪಾಸ್‌ಬುಕ್ ತೆಗೆದು ಪ್ರತಿ ತಿಂಗಳ ಹಣ ಕಟ್ಟಿದ್ದಾರಾ ನೋಡಿ. ಕೆಲಸ ಬಿಟ್ಟ ದಿನಾಂಕವನ್ನು ಕಂಪನಿ ಅಲ್ಲಿ ನಮೂದಿಸಿರಬೇಕು. ಆ ದಿನಾಂಕ ಬಾರದಿದ್ದರೆ ಹಳೆಯ ಪಿಎಫ್ ಹೊಸ ಕಂಪನಿಗೆ ವರ್ಗವಾಗುವುದು ತಡವಾಗುತ್ತದೆ, ಎಚ್‌ಆರ್‌ಗೆ ಆ ವಾರವೇ ಮೇಲ್ ಹಾಕಿ.